ಸಣ್ಣವರೂ ಅಲ್ಲ, ದೊಡ್ಡವರೂ ಅಲ್ಲ

ದವಾಖಾನೆಗೆ ಹೋದಾಗ ಬಾಗಿಲ ಮೇಲಿನ ಫಲಕಗಳನ್ನು ಓದುವದು ನನಗೆ ಅಂಟಿಕೊಂಡ ಚಟ. ಬೈಲಹೊಂಗಲದಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ಗೋಡೆಯ ಮೇಲೆ ಅಕ್ಷರ ಕಂಡರೆ ಸಾಕು, ಕಣ್ಣು ತಾನಾಗಿಯೇ ಕಾಗುಣಿತ ತಿದ್ದಲು ಹೊರಡುತ್ತದೆ. ‘ಮಕ್ಕಳ ವಿಭಾಗ’ ಎಂದು ಒಂದು ಕಡೆಗೆ. ಅಲ್ಲಿ ಗೋಡೆಗೆ ಮೊಲ, ಆನೆ, ಬಲೂನುಗಳ ಚಿತ್ರ. ‘ಗಂಡಸರ ವಿಭಾಗ’ ಇನ್ನೊಂದು ಕಡೆಗೆ. ಅಲ್ಲಿ ‘ತಂಬಾಕು ಉಗುಳಬಾರದು’ ಎಂಬ ಎಚ್ಚರಿಕೆ. ಅದರಾಚೆ ‘ಹೆಂಗಸರ ವಿಭಾಗ’. ಅಲ್ಲಿ ಬಸುರಿ ಬಾಣಂತಿಯರಿಗೆ ಹಿತವಚನ. ಕಾಗುಣಿತವೆಲ್ಲ ಸರಿಯಾಗಿಯೇ ಇರುತ್ತದೆ. ಆದರೆ 14ರಿಂದ 19ರ ವರೆಗಿನ ಹುಡುಗ ಹುಡುಗಿಯರು ಜಡ್ಡು ಬಿದ್ದರೆ ಇವುಗಳಲ್ಲಿ ಯಾವ ಬಾಗಿಲಿನಿಂದ ಒಳಗೆ ಹೋಗಬೇಕು? ಆ ಬಾಗಿಲನ್ನು ನಾನು ಇನ್ನೂ ಕಂಡಿಲ್ಲ.

ಮೀಸೆ ಚಿಗುರುವ ಹುಡುಗನನ್ನು ಮೊಲದ ಚಿತ್ರದ ಕೆಳಗೆ ಮಲಗಿಸಿದರೆ ಅವನಿಗೆ ನಾಚಿಕೆ. ಗಂಡಸರ ವಿಭಾಗದಲ್ಲಿ ಮಲಗಿಸಿದರೆ ಅವನಿಗೆ ಅಂಜಿಕೆ. ಒಂದೊಂದು ದವಾಖಾನೆಗೆ ಒಂದೊಂದು ಲೆಕ್ಕ. ಕೆಲವೆಡೆ 12 ತುಂಬಿದರೆ ದೊಡ್ಡವನು, ಕೆಲವೆಡೆ 14, ಕೆಲವೆಡೆ 18. ಬಸ್ಸಿನ ಕಂಡಕ್ಟರನೂ ಇದೇ ಪ್ರಶ್ನೆ ಕೇಳುತ್ತಾನೆ, ‘ಅರ್ಧ ಟಿಕೀಟೋ, ಪೂರ್ತಿಯೋ?’ ಎಂದು. ಕಂಡಕ್ಟರನಿಗೆ ಉತ್ತರ ಹೇಳಿ ಹಣ ಕೊಟ್ಟರೆ ಮುಗಿಯಿತು. ದವಾಖಾನೆಯ ಪ್ರವಾಸ ಅಷ್ಟು ಬೇಗ ಮುಗಿಯುವದಿಲ್ಲ.

2024ರ ಮಾರ್ಚಿನಲ್ಲಿ ನಮ್ಮ ಅಣ್ಣನವರಿಗೆ ಶಸ್ತ್ರಕ್ರಿಯೆಯಾಗಿ ನಾನು 11 ದಿನ ಜಿಲ್ಲೆಯ ಒಂದು ದೊಡ್ಡ ದವಾಖಾನೆಯಲ್ಲಿ ಕಳೆಯಬೇಕಾಯಿತು. ಅದರ ಹೆಸರು ಇಲ್ಲಿ ಬೇಡ. ನಾನು ಹೇಳುವ ಸಂಗತಿ ಎಲ್ಲ ಕಡೆಗೂ ಒಂದೇ. ಅಣ್ಣನವರ ಎದುರಿನ ಕಾಟಿನ ಮೇಲೆ ರಾಮದುರ್ಗ ತಾಲೂಕಿನ ನೇಕಾರನೊಬ್ಬನ ಮಗ ಮಲಗಿದ್ದ. ವಯಸ್ಸು 15, ಹತ್ತನೆಯ ಇಯತ್ತೆ. ಜನವರಿಯಲ್ಲಿ, ಕಬ್ಬಿನ ಹಂಗಾಮಿನಲ್ಲಿ, ಹೋಗುತ್ತಿದ್ದ ಟ್ರ್ಯಾಕ್ಟರಿನ ಹಿಂದೆ ಓಡಿ, ಒಂದು ಗಳ ಕಬ್ಬು ಜಗ್ಗಿಕೊಳ್ಳಲು ಹತ್ತಿ ಬಿದ್ದವನು. ಕಾಲು ಮುರಿಯಿತು, ಎಲುಬಿನಲ್ಲಿ ಕೀವು ಕೂಡಿತು, ಎರಡು ಸಲ ಕೊಯ್ದರು. ಅಪ್ಪ ಎಂಟು ದಿನಕ್ಕೊಮ್ಮೆ ಬರುವನು, ಮಗ್ಗ ನಿಂತರೆ ಒಲೆ ನಿಲ್ಲುತ್ತದೆ. ತಾಯಿ ಕಾಟಿನ ಕೆಳಗೆ ಚಾಪೆ ಹಾಸಿಕೊಂಡು ಎರಡು ತಿಂಗಳಿನಿಂದ ಅಲ್ಲಿಯೇ ಇದ್ದಳು.

ಈ ಹುಡುಗನನ್ನು ನೋಡಲು ಬಂದವರ ಸಂಖ್ಯೆ ಕಡಿಮೆಯಿರಲಿಲ್ಲ. ರೋಗಿಯನ್ನು ಕಾಣಹೋಗುವದರಲ್ಲಿ ನಾವು ಯಾರಿಗೂ ಸೋಲುವ ಜನವಲ್ಲ. ಒಂದು ಡಜನ್ ಬಾಳೆಹಣ್ಣು, ಒಂದು ಬ್ರೆಡ್ಡಿನ ಪೊಟ್ಟಣ ಹಿಡಿದು ಬರುತ್ತೇವೆ. ರೋಗಿಯ ಕಾಲ ಬಳಿ ಕುಳಿತು ರೋಗಿಯ ತಲೆಯ ಮೇಲಿನಿಂದ ಅವನ ತಾಯಿಯೊಡನೆ ಮಾತನಾಡುತ್ತೇವೆ. ಇಂಥದೇ ಜಡ್ಡಿನಿಂದ ತೀರಿಕೊಂಡ ಯಾರದೋ ಕಥೆಯನ್ನು ಸವಿಸ್ತಾರವಾಗಿ ಹೇಳಿ, ಕೊನೆಗೆ ‘ಇವಗೇನೂ ಆಗೂದಿಲ್ಲ ಬಿಡ್ರಿ’ ಎಂದು ಆಶೀರ್ವದಿಸಿ ಏಳುತ್ತೇವೆ. ಹೋಗುವಾಗ ಹುಡುಗನ ಕಡೆಗೆ ತಿರುಗಿ ಒಂದು ಮಾತು ಹೇಳಲೇಬೇಕು. ಆ ಮಾತನ್ನು ನಾನು 11 ದಿನಗಳಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ:

“ಅಳಬಾರದೋ ತಮ್ಮಾ. ಚನ್ನಮ್ಮ, ರಾಯಣ್ಣ ಹುಟ್ಟಿದ ನಾಡಾಂವ ನೀ!”

ಮಾತು ಸುಳ್ಳಲ್ಲ. ಕಿತ್ತೂರು ನಮ್ಮ ಹತ್ತಿರವೇ ಇದೆ, ಸಂಗೊಳ್ಳಿ ಅದಕ್ಕಿಂತ ಹತ್ತಿರ. 1824ರಲ್ಲಿ ಇಂಗ್ಲಿಷರನ್ನು ಎದುರಿಸಿದ ರಾಣಿ ಸೆರೆಯಲ್ಲಿ ಕೊನೆಯುಸಿರೆಳೆದದ್ದು 1829ರಲ್ಲಿ ನಮ್ಮ ಬೈಲಹೊಂಗಲದಲ್ಲಿಯೇ. ಅವಳ ಸಮಾಧಿ ಊರ ನಡುವೆ ಇದೆ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನ ಹೆಸರು ಕೇಳಿ ಮೈ ಝುಮ್ಮೆನ್ನದ ಹುಡುಗ ನಮ್ಮ ಸೀಮೆಯಲ್ಲಿಲ್ಲ. ಆದರೆ ಎದುರಿಗೆ ಶತ್ರುವಿದ್ದಾಗಿನ ಧೈರ್ಯ ಬೇರೆ, ಬೆಳಗಿನಿಂದ ಸಂಜೆಯವರೆಗೆ ತಗಡಿನ ಸೀಲಿಂಗ್ ಫ್ಯಾನು ನೋಡುತ್ತ ಮಲಗಲು ಬೇಕಾದ ಧೈರ್ಯ ಬೇರೆ. ಅಳಬಾರದೆಂದು ಇಪ್ಪತ್ತು ಜನ ಹೇಳಿದ ಮೇಲೆ ಆ ಹುಡುಗ ನಿಜವಾಗಿಯೂ ಅಳುವದನ್ನು ಬಿಟ್ಟ. ಅದರೊಡನೆ ಮಾತನ್ನೂ ಬಿಟ್ಟ, ಊಟವನ್ನೂ ಅರ್ಧಕ್ಕೆ ಇಳಿಸಿದ. ಡಾಕ್ಟರರು ರಕ್ತದ ಪರೀಕ್ಷೆ ಬರೆದರು. ತಾಯಿ ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊತ್ತಳು.

ಆರನೆಯ ದಿನ ಅಣ್ಣನವರ ಮೊಮ್ಮಗ ರಾತ್ರಿ ಪಾಳಿಗೆ ಬಂದ. ಬಿ.ಎ. ಕೊನೆಯ ವರ್ಷದ ಹುಡುಗ. ಅಜ್ಜ ನಿದ್ದೆ ಹೋದ ಮೇಲೆ ಅವನಿಗೆ ಬೇಸರವಾಗಿ ಎದುರಿನ ಕಾಟಿನ ಬಳಿ ಸ್ಟೂಲು ಎಳೆದುಕೊಂಡು ಕುಳಿತ. ಜಡ್ಡಿನ ಮಾತು ಎತ್ತಲಿಲ್ಲ. “ಕಬಡ್ಡಿಯೊಳಗ ನೀ ರೇಡರ್ ಏನ, ಕ್ಯಾಚರ್ ಏನ?” ಎಂದು ಕೇಳಿದ. ಅಷ್ಟೇ ಪ್ರಶ್ನೆ. ನಾನು ಕಣ್ಣು ಮುಚ್ಚಿಕೊಂಡು ಬೆಂಚಿನ ಮೇಲೆ ಅಡ್ಡಾಗಿದ್ದೆ, ನಿದ್ದೆ ಬಂದಿರಲಿಲ್ಲ. ಅರ್ಧ ತಾಸು ಕಬಡ್ಡಿ ನಡೆಯಿತು. ಆಮೇಲೆ ಆ ಹುಡುಗ ದನಿ ಇಳಿಸಿ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು:

“ಅಣ್ಣಾ, ನನ್ನ ಕಾಲ ಕಡೀತಾರೇನ?”

ಸಂಗತಿ ಹೀಗಿತ್ತು. ಹದಿನೈದು ದಿನಗಳ ಹಿಂದೆ ಡಾಕ್ಟರರು ಪಕ್ಕದ ಕಾಟಿನ ಮುದುಕನ ಸಕ್ಕರೆರೋಗದ ಕಾಲಿನ ಬಗೆಗೆ ಇಂಗ್ಲಿಷಿನಲ್ಲಿ ಮಾತನಾಡಿದ್ದರು. ಹತ್ತನೆಯ ಇಯತ್ತೆಯ ಹುಡುಗನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ತಿಳಿದ ಅರ್ಧವನ್ನು ತನ್ನ ಕಾಲಿಗೇ ಅನ್ವಯಿಸಿಕೊಂಡ. ಹದಿನೈದು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಲಗಿದ. ತಾಯಿಯನ್ನು ಕೇಳಿದರೆ ಅವಳು ಅಂಜುವಳು. ಅಪ್ಪನನ್ನು ಕೇಳಿದರೆ ಕಬ್ಬಿನ ಮಾತು ಮತ್ತೆ ಬರುವದು. ಡಾಕ್ಟರರು ಬಂದು ಹೋಗುವದು ಎರಡು ನಿಮಿಷದಲ್ಲಿ, ಹತ್ತು ಜನ ವಿದ್ಯಾರ್ಥಿಗಳನ್ನು ಹಿಂದೆ ಕಟ್ಟಿಕೊಂಡು. ನನ್ನಂಥ ಬಿಳಿಗೂದಲಿನವರನ್ನು ಕೇಳುವ ಮಾತಂತೂ ದೂರ. 21ರ ಹುಡುಗ ಸ್ಟೂಲು ಎಳೆದುಕೊಂಡು ಕಬಡ್ಡಿ ಮಾತನಾಡಿದಾಗ ಬಾಯಿ ತೆರೆಯಿತು.

ಮರುದಿನ ಬೆಳಿಗ್ಗೆ ಮೊಮ್ಮಗ ನರ್ಸಬಾಯಿಯವರಿಗೆ ಹೇಳಿದ. ಅವರು ಡಾಕ್ಟರರಿಗೆ ಹೇಳಿದರು. ಆ ತರುಣ ಡಾಕ್ಟರರು, ಪಾಪ, ಒಳ್ಳೆಯವರು, ಎಕ್ಸ್-ರೇ ತಂದು ಕಿಟಕಿಗೆ ಹಿಡಿದು, ಇಲ್ಲಿ ಎಲುಬು ಕೂಡುತ್ತಿದೆ, ಇಲ್ಲಿ ಇನ್ನೂ ತಡವಿದೆ, ಕಾಲು ಎಲ್ಲಿಗೂ ಹೋಗುವದಿಲ್ಲ ಎಂದು ಕನ್ನಡದಲ್ಲಿ ಹೇಳಿದರು. ಐದು ನಿಮಿಷದ ಕೆಲಸ. ಆ ದಿನ ಮಧ್ಯಾಹ್ನ ಹುಡುಗ ಎರಡು ರೊಟ್ಟಿ ತಿಂದ. ರಕ್ತದ ಪರೀಕ್ಷೆಯಲ್ಲಿ ಏನು ಬಂದಿತೆಂದು ಯಾರೂ ಮತ್ತೆ ಕೇಳಲಿಲ್ಲ.

ಇನ್ನೊಂದು ಗಂಟು ಉಳಿದಿತ್ತು. ಮಾರ್ಚ್ 25ಕ್ಕೆ ಹತ್ತನೆಯ ಇಯತ್ತೆಯ ಪರೀಕ್ಷೆ. ಹುಡುಗ ತನ್ನ ವರ್ಷ ಹೋಯಿತೆಂದೇ ತಿಳಿದಿದ್ದ. ಸಾಲಿ ಬಿಟ್ಟು ಮಗ್ಗಕ್ಕೆ ಕೂಡುವೆನೆಂದು ಮನಸ್ಸಿನಲ್ಲಿ ತೀರ್ಮಾನಿಸಿಯೂ ಆಗಿತ್ತು. ಆ ವರ್ಷ ಸರಕಾರದವರು ಒಂದರ ಬದಲು ಮೂರು ಪರೀಕ್ಷೆ ಇಟ್ಟಿದ್ದರು: ಮಾರ್ಚಿನಲ್ಲಿ ತಪ್ಪಿದರೆ ಜೂನ್, ಜೂನಿನಲ್ಲಿ ತಪ್ಪಿದರೆ ಆಗಸ್ಟ್. ಎಲುಬಿನ ಸಂಗತಿ ಬಲ್ಲವರಿಗೆ ಪರೀಕ್ಷೆಯ ಸಂಗತಿ ಗೊತ್ತಿರಲಿಲ್ಲ. ಪರೀಕ್ಷೆಯ ಸಂಗತಿ ಬಲ್ಲ ಮುಖ್ಯಾಧ್ಯಾಪಕರು ನೂರು ಕಿಲೋಮೀಟರಿನಾಚೆ ಇದ್ದರು. ಮೊಮ್ಮಗ ತನ್ನ ಫೋನಿನಲ್ಲಿ ಆ ಸುದ್ದಿ ತೆಗೆದು ತೋರಿಸಿದ, ಸಾಲಿಗೆ ಫೋನು ಹಚ್ಚಿ ಹುಡುಗನ ಕೈಯಲ್ಲಿಯೇ ಕೊಟ್ಟು ಮಾತನಾಡಿಸಿದ.

ಇದನ್ನೆಲ್ಲ ನೋಡಿದ ಮೇಲೆ ನನಗೆ ಹಳೆಯದೊಂದು ಓದು ನೆನಪಿಗೆ ಬಂದಿತು. ಇಂಗ್ಲಂಡಿನ ದವಾಖಾನೆಗಳಲ್ಲಿ ಒಂದು ಕಾಲಕ್ಕೆ ಮಕ್ಕಳನ್ನು ಕಾಣಲು ತಾಯಂದಿರಿಗೆ ವಾರದಲ್ಲಿ ಇಷ್ಟೇ ತಾಸು ಎಂದು ಕಟ್ಟಳೆಯಿತ್ತು. 1959ರಲ್ಲಿ ಸರ್ ಹ್ಯಾರಿ ಪ್ಲ್ಯಾಟ್ ಎಂಬವರ ಸಮಿತಿ, ಮಗುವಿಗೆ ಔಷಧದಷ್ಟೇ ತಾಯಿಯೂ ಆಟವೂ ಪಾಠವೂ ಬೇಕೆಂದು ವರದಿ ಕೊಟ್ಟಿತು. ಅಲ್ಲಿ ತಾಯಿಯನ್ನು ಒಳಗೆ ಬಿಡಿಸಲು ವರದಿ ಬೇಕಾಯಿತು. ನಮ್ಮಲ್ಲಿ ಸೋದರತ್ತೆಯನ್ನು ಹೊರಗೆ ಕಳಿಸಲು ವರದಿ ಬೇಕಾದೀತು! ಆಮೇಲೆ 1988ರಲ್ಲಿ ಹಾಲೆಂಡಿನ ಲೈಡನ್ ಪಟ್ಟಣದಲ್ಲಿ ಕೂಡಿದ ಸಂಸ್ಥೆಗಳವರು, ಮಕ್ಕಳನ್ನು ತಮ್ಮ ಬೆಳವಣಿಗೆಗೆ ತಕ್ಕ ಸರಿಕರೊಡನೆ ಇಡಬೇಕು, ದೊಡ್ಡವರ ವಿಭಾಗದಲ್ಲಿ ಹಾಕಬಾರದು ಎಂದು ಸನದು ಬರೆದರು. 1990ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಅರ್ಬುದರೋಗದ ತರುಣರಿಗಾಗಿಯೇ ಬೇರೊಂದು ವಿಭಾಗ ತೆರೆಯಿತು. ನಾಟಿಂಗ್‌ಹ್ಯಾಮಿನ ಮಕ್ಕಳ ಆಸ್ಪತ್ರೆಯಲ್ಲಿಯಂತೂ ಸಂಬಳ ತೆಗೆದುಕೊಳ್ಳುವ ಯುವ ಕಾರ್ಯಕರ್ತರೇ ಇದ್ದಾರೆ. ಅವರು ಡಾಕ್ಟರರಲ್ಲ, ನರ್ಸುಗಳಲ್ಲ, ಮಾಸ್ತರರೂ ಅಲ್ಲ. ಹಾಸಿಗೆಯ ಬಳಿ ಕುಳಿತು ಮಾತನಾಡಿಸುವದು, ಒಂದೇ ತೆರನ ಜಡ್ಡಿನ ಹುಡುಗರನ್ನು ಒಂದೆಡೆ ಕೂಡಿಸುವದು, ಡಾಕ್ಟರರಿಗೆ ಕೇಳಬೇಕಾದ ಪ್ರಶ್ನೆಯನ್ನು ಹುಡುಗನ ಬಾಯಿಂದಲೇ ಕೇಳಿಸುವದು, ಇದು ಅವರ ಉದ್ಯೋಗ. ನಮ್ಮ ಮೊಮ್ಮಗ ಒಂದು ರಾತ್ರಿ ಪುಕ್ಕಟೆ ಮಾಡಿದ ಕೆಲಸಕ್ಕೆ ಅಲ್ಲಿ ಹುದ್ದೆಯಿದೆ, ಹೆಸರಿದೆ.

ಹುಡುಗರ ಮಾತಾಯಿತು. ಹುಡುಗಿಯರ ಪಾಡು ಇನ್ನೂ ಬಿಗಿ. ಅದೇ ದಿನಗಳಲ್ಲಿ ಹೆಂಗಸರ ವಿಭಾಗದಲ್ಲಿ ಸವದತ್ತಿ ಕಡೆಯ 16ರ ಹುಡುಗಿಯೊಬ್ಬಳು ಇದ್ದಳೆಂದು ನಮ್ಮ ಅತ್ತಿಗೆಯವರಿಂದ ತಿಳಿಯಿತು. ಚಿಕ್ಕಂದಿನಲ್ಲಿಯೇ ಬರುವ ಸಕ್ಕರೆರೋಗ. ದಿನಾಲು ಇನ್ಸುಲಿನ್ ಚುಚ್ಚಿಕೊಳ್ಳಬೇಕು, ತಪ್ಪಿದರೆ ಜೀವಕ್ಕೆ ಮುಳುವು. ಹಾಸ್ಟೆಲಿನಲ್ಲಿ ಗೆಳತಿಯರೆದುರು ಸೂಜಿ ತೆಗೆಯಲು ನಾಚಿ ನಾಲ್ಕು ದಿನ ಬಿಟ್ಟಿದ್ದಳು. ಎಚ್ಚರ ತಪ್ಪಿದ ಸ್ಥಿತಿಯಲ್ಲಿ ಕರೆತಂದರು. ಜೀವ ಉಳಿಯಿತು. ಎಚ್ಚರವಾದ ಮೇಲೆ ಅವಳ ಕಿವಿಗೆ ಬಿದ್ದ ಮೊದಲ ಮಾತು ಅವಳ ಅತ್ತೆಯದು: “ಮೆಲ್ಲಕ ಮಾತಾಡ್ರೆವ್ವಾ. ನಾಕ ಮಂದಿಗೆ ಗೊತ್ತಾದ್ರ ಇಕೀ ಮದುವಿ ಹ್ಯಾಂಗ ಆಗಬೇಕು?”

ಇನ್ಸುಲಿನ್ ಕಂಡುಹಿಡಿದ ಮೇಲೆ ಅದನ್ನು ಮೊದಲು ಪಡೆದ ಮನುಷ್ಯ ಯಾರು ಬಲ್ಲಿರಾ? ಕೆನಡಾದ ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಸಾಯಲು ಮಲಗಿದ್ದ ಲಿಯೊನಾರ್ಡ್ ಥಾಮ್ಸನ್ ಎಂಬ 14ರ ಹುಡುಗ. 1922ರ ಜನವರಿಯಲ್ಲಿ ಅವನಿಗೆ ಚುಚ್ಚಿದರು. ಮೊದಲ ಸಲ ಗುಣ ಬರಲಿಲ್ಲ, ಔಷಧವನ್ನು ಶುದ್ಧಮಾಡಿ ಎರಡನೆಯ ಸಲ ಕೊಟ್ಟಾಗ ಚೇತರಿಸಿಕೊಂಡ. ಮುಂದೆ 13 ವರ್ಷ ಬದುಕಿದ. ವಿಜ್ಞಾನ ಆ ಹುಡುಗನಿಂದ ಇಂದಿಗೆ ನೂರು ವರ್ಷ ಮುಂದೆ ಬಂದಿದೆ. ಆದರೆ ಸೂಜಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವ ಹುಡುಗಿಯ ನಾಚಿಕೆಗೆ ಸೀಸೆಯಲ್ಲಿ ಔಷಧ ಬರುವದಿಲ್ಲ. ಅದಕ್ಕೆ ಔಷಧ ಅವಳಂಥವಳೇ ಇನ್ನೊಬ್ಬಳು. ಅವಳಿಗೆ ಅಂಥವಳು ಸಿಕ್ಕಿದ್ದೂ ಆಕಸ್ಮಿಕ. ತಪಾಸಣೆಗೆ ಬಂದ, ಇದೇ ಜಡ್ಡಿನ, ನರ್ಸಿಂಗ್ ಓದುವ ಹುಡುಗಿಯೊಬ್ಬಳು ಅವಳ ಕಾಟಿನ ಮೇಲೆಯೇ ಕುಳಿತು, ತನ್ನ ಚೀಲದಿಂದ ಸೂಜಿ ತೆಗೆದು, ಮಾತನಾಡುತ್ತಲೇ ಚುಚ್ಚಿಕೊಂಡು, ಡಬ್ಬಿ ಬಿಚ್ಚಿ ಊಟ ಮಾಡಿದಳಂತೆ. ಉಪದೇಶದ ಒಂದು ಮಾತೂ ಆಡಲಿಲ್ಲವಂತೆ.

ಇಂಥ ಆಕಸ್ಮಿಕವನ್ನು ಪದ್ಧತಿಯನ್ನಾಗಿ ಮಾಡಿದವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಗಾಯವಾದರೆ ರಕ್ತ ನಿಲ್ಲದ ಹಿಮೊಫಿಲಿಯಾ ಎಂಬ ಹುಟ್ಟು ಜಡ್ಡು ಹೆಚ್ಚಾಗಿ ಗಂಡುಹುಡುಗರನ್ನು ಕಾಡುತ್ತದೆ. ದಾವಣಗೆರೆಯ ಡಾ. ಸುರೇಶ ಹನಗವಾಡಿಯವರು ಸ್ವತಃ ಈ ಜಡ್ಡಿನೊಡನೆ ಬೆಳೆದು, ವೈದ್ಯವಿದ್ಯೆ ಕಲಿತು, ಪ್ರಾಧ್ಯಾಪಕರಾಗಿ, ಇದೇ ಜಡ್ಡಿನವರಿಗಾಗಿ ಕರ್ನಾಟಕ ಹಿಮೊಫಿಲಿಯಾ ಸೊಸೈಟಿಯನ್ನು ಕಟ್ಟಿದರು. ಕಾಲು ಬಾತು ಸಾಲಿ ಬಿಟ್ಟ ಹುಡುಗನಿಗೆ ಅಂಥವರೊಬ್ಬರು ಎದುರಿಗೆ ನಡೆದುಬಂದರೆ ಸಾಕು, ಅರ್ಧ ಪಾಠ ಆದಂತೆಯೇ.

ಸರಕಾರ ಏನೂ ಮಾಡಿಲ್ಲವೆಂದು ನಾನು ಹೇಳುವದಿಲ್ಲ. 2014ರಲ್ಲಿ ಕೇಂದ್ರದವರು 10ರಿಂದ 19 ವರ್ಷದವರಿಗಾಗಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ತೆಗೆದರು. ನಮ್ಮ ರಾಜ್ಯದಲ್ಲಿ ಅದರ ಚಿಕಿತ್ಸಾಲಯಗಳಿಗೆ ‘ಸ್ನೇಹ ಕ್ಲಿನಿಕ್’ ಎಂದು ಚೆಂದದ ಹೆಸರಿಟ್ಟರು. ನಿಮ್ಹಾನ್ಸ್ ಮತ್ತು ರಾಜ್ಯದ ಯುವಜನ ಇಲಾಖೆ ಕೂಡಿ ‘ಯುವ ಸ್ಪಂದನ’ ನಡೆಸಿ, ತರುಣರಿಗೇ ತರಬೇತಿ ಕೊಟ್ಟು ತರುಣರ ಬಳಿ ಕಳಿಸಿದವು. ಇವೆಲ್ಲ ನಡೆದು ಬರಬಲ್ಲವರಿಗಾಗಿ. ಕಾಟಿಗೆ ಕಟ್ಟಿಬಿದ್ದವನ ಬಳಿ ಸ್ನೇಹ ತಾನೇ ನಡೆದು ಹೋಗಬೇಕು.

ಹೋಗಲು ನಮ್ಮಲ್ಲಿ ಜನರಿಲ್ಲವೇ? ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟಿದರು. ಮರುವರ್ಷ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಅವರ ಸ್ವಯಂಸೇವಕರು ದುಡಿದರು. ಅದೇ ಹರ್ಡೀಕರರು ಡಾ. ಕೊಕಟನೂರರೊಡನೆ ನಮ್ಮ ಜಿಲ್ಲೆಯ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮವನ್ನೂ ಬೆಳೆಸಿದರು. ತರುಣರ ದಂಡು, ರೋಗಿಗಳ ಧಾಮ, ಎರಡನ್ನೂ ಕಟ್ಟಿದ್ದು ಒಬ್ಬನೇ ಮನುಷ್ಯನ ಕೈ. ಆ ಎರಡರ ನಡುವೆ ಒಂದು ಬಾಗಿಲು ಕೊರೆಯುವದು ನಮಗೆ ಉಳಿದ ಕೆಲಸ.

ಈಗ ನಮ್ಮ ಯುವಕ ಮಂಡಳಗಳು ದವಾಖಾನೆಗೆ ಹೋಗುವದೇ ಇಲ್ಲವೆಂದಲ್ಲ. ಮುಖಂಡರ ಹುಟ್ಟುಹಬ್ಬಕ್ಕೆ ತಪ್ಪದೆ ಹೋಗುತ್ತವೆ. ‘ರೋಗಿಗಳಿಗೆ ಹಣ್ಣುಹಂಪಲ ವಿತರಣೆ’ ಎಂಬ ಸುದ್ದಿ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಚಿತ್ರದಲ್ಲಿ ಒಂದು ಸೇಬುಹಣ್ಣನ್ನು ಹನ್ನೆರಡು ಕೈಗಳು ಹಿಡಿದಿರುತ್ತವೆ. ರೋಗಿ ಯಾರೆಂದು ಹುಡುಕಬೇಕು. ಆ ಹನ್ನೆರಡು ಜನರಲ್ಲಿ ಒಬ್ಬನಾದರೂ ಹಣ್ಣಿಲ್ಲದೆ, ಕ್ಯಾಮರಾ ಇಲ್ಲದೆ, ಮುಂದಿನ ವಾರ ಮತ್ತೆ ಬಂದರೆ ಅದೇ ದೊಡ್ಡ ಉಪಕಾರ.

1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿ ವರ್ಷಕ್ಕೆ 120 ತಾಸು ಸೇವೆ ಮಾಡಬೇಕೆಂದು ನಿಯಮವಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕೂ ಊರುಗಳಲ್ಲಿ ಕಾಲೇಜುಗಳಿವೆ. ನಾಲ್ಕರಲ್ಲಿಯೂ ಸರಕಾರಿ ದವಾಖಾನೆಗಳಿವೆ. ಒಬ್ಬ ವಿದ್ಯಾರ್ಥಿ ವಾರಕ್ಕೆ 2 ತಾಸಿನಂತೆ 40 ವಾರ ದವಾಖಾನೆಗೆ ಬಂದರೆ 80 ತಾಸು ಆಯಿತು; ಗಿಡ ನೆಡಲು, ಗಟಾರ ಬಳಿಯಲು ಇನ್ನೂ 40 ತಾಸು ಉಳಿಯುತ್ತವೆ.

ಡಾಕ್ಟರ ಮಿತ್ರರೊಬ್ಬರಿಗೆ ಈ ಲೆಕ್ಕ ಹೇಳಿದಾಗ ಅವರು ನಕ್ಕರು. “ಮಾಸ್ತರ, ಹುಡುಗರು ಬಂದು ಸೆಲ್ಫಿ ಹೊಡಕೊಂಡು ಕೂತ್ರ? ಹೊರಗಿನ ನೆಗಡಿ ಒಳಗ ತಂದ್ರ? ಒಬ್ಬರ ಜಡ್ಡು ಊರಿಗೆಲ್ಲ ಹೇಳಿದ್ರ?” ಮೂರೂ ಪ್ರಶ್ನೆ ನ್ಯಾಯವಾದವು. ನಾವಿಬ್ಬರೂ ಚಹಾ ಕುಡಿಯುತ್ತ ಕುಳಿತು ನಿಯಮ ಬರೆದೆವು. ಫೋಟೋ ಇಲ್ಲ. ಕೈ ತೊಳೆಯದೆ, ನೆಗಡಿಯಿದ್ದಾಗ, ಒಳಗೆ ಇಲ್ಲ. ಹುಡುಗರ ಬಳಿ ಹುಡುಗರು, ಹುಡುಗಿಯರ ಬಳಿ ಹುಡುಗಿಯರು. ಔಷಧದ ವಿಷಯದಲ್ಲಿ ಬಾಯಿ ಹಾಕಕೂಡದು. ಕೇಳಿದ ಮಾತು ಹೊರಗೆ ಹೋಗಕೂಡದು. ಜೀವಕ್ಕೆ ಅಪಾಯದ ಮಾತಾದರೆ ಮಾತ್ರ ಹುಡುಗನಿಗೆ ತಿಳಿಸಿಯೇ ನರ್ಸಬಾಯಿಯವರಿಗೆ ಹೇಳಬೇಕು. ಬಂದವನೇ ಮತ್ತೆ ಬರಬೇಕು, ವಾರಕ್ಕೊಂದು ಹೊಸ ಮುಖ ಬೇಡ. ಇವರೆಲ್ಲರ ಮೇಲೆ ತರಬೇತಿಯಾದ, ಸಂಬಳದ ಒಬ್ಬ ಮನುಷ್ಯ ಬೇಕೇ ಬೇಕು. ಪುಕ್ಕಟೆ ಸೇವೆಗೆ ಉತ್ಸಾಹವಿರುತ್ತದೆ, ಆದರೆ ಪರೀಕ್ಷೆ ಬಂದಾಗ, ಹಬ್ಬ ಬಂದಾಗ ಅದು ಊರಿಗೆ ಹೋಗುತ್ತದೆ, ಜಡ್ಡಿಗೆ ಸೂಟಿಯಿಲ್ಲ.

ಕೊನೆಯ ನಿಯಮ ಬರೆಯುವಾಗ ಮಿತ್ರರು ಪೆನ್ನು ತಡೆದರು. “ಇಷ್ಟೆಲ್ಲಾ ಮಾಡಿದ್ರ ಹುಡುಗರ ಜಡ್ಡು ಲಗೂನ ವಾಸಿ ಆಗತಾವಂತ ಹೇಳಲಿಕ್ಕೆ ಬರೂದಿಲ್ಲ ನೋಡ್ರಿ,” ಎಂದರು. ನಿಜ. ಎಲುಬು ಕೂಡುವದು ತನ್ನ ವೇಳೆಯಲ್ಲಿ. ಸಕ್ಕರೆರೋಗ ಜನ್ಮಕ್ಕೆ ಬಂದದ್ದು. ಎರಡು ತಿಂಗಳ ಕಾಟಿನ ಮೇಲಿನ ಬದುಕೂ ಹದಿನೈದನೆಯ ವರ್ಷದ ಬದುಕೇ ಎಂದು ಮಾತ್ರ ನಾನು ಹೇಳಿದೆ. ಅವರು ಕಾಗದವನ್ನು ಮಡಿಚಿ ಜೇಬಿನಲ್ಲಿ ಇಟ್ಟುಕೊಂಡರು. ತಮ್ಮ ದವಾಖಾನೆಯ ಸಭೆಯಲ್ಲಿ ಒಮ್ಮೆ ಓದಿದ್ದಾರಂತೆ. ‘ಪರಿಶೀಲಿಸಲಾಗುವದು’ ಎಂದು ಬರೆದಿದ್ದಾರಂತೆ. ನಾನು ಈ ಲೇಖನ ಬರೆಯಲು ಆ ‘ಪರಿಶೀಲಿಸಲಾಗುವದು’ ಎಂಬುದೂ ಒಂದು ಕಾರಣ.

ರಾಮದುರ್ಗದ ಹುಡುಗ ಜೂನ್ ಪರೀಕ್ಷೆಗೆ ಕೋಲೂರಿಕೊಂಡು ಹೋಗಿ ಕುಳಿತ. ಫಲಿತಾಂಶ ಬಂದ ದಿನ ಅವನು ಫೋನು ಮಾಡಿದ್ದು ನಮ್ಮ ಮೊಮ್ಮಗನಿಗೆ. ನನಗೆ ಸುದ್ದಿ ಮುಟ್ಟಿದ್ದು ಮೂರು ದಿನ ತಡವಾಗಿ, ಅದೂ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ. ಗಣಿತವೊಂದು ಉಳಿದಿತ್ತಂತೆ; ಅದಕ್ಕೆ ಆಗಸ್ಟ್ ಇತ್ತು.